ವತ್ಸಲಾ ಟೈಪ್ ಮಾಡಿದ ಮಳೆಗಾಲ

ಹೋದ ವಾರ ಮಿಕ್ಸಿ ಜಾರಿಗೆ ಹೊಸ ಬ್ಲೇಡು ಹಾಕಿಸಲು ಯಶವಂತಪುರಕ್ಕೆ ಹೋಗಿದ್ದೆ. ಮಾರುಕಟ್ಟೆ ರಸ್ತೆಯಲ್ಲಿ ಮಳೆ ಹಿಡಿದುಕೊಂಡಿತು. ಹಮಾಲಿಗಳು ಈರುಳ್ಳಿ ಮೂಟೆಗಳ ಮೇಲೆ ಟಾರ್ಪಾಲು ಎಳೆಯುತ್ತಿದ್ದರು. ನಾನು ಓಡಿ ಹೋಗಿ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ನಿಂತೆ. ನಿಂತ ಮೇಲೆ ಗೊತ್ತಾಯಿತು, ಅದು ಆ ಹಳೆಯ ಕಟ್ಟಡವೇ. ಅದರ ಮೇಲಿನ ಮಹಡಿಯಲ್ಲಿ ನನ್ನ ಹೆಂಡತಿ ವತ್ಸಲಾ ಇಪ್ಪತ್ತೆಂಟು ವರ್ಷ ಟೈಪಿಂಗ್ ಕಲಿಸಿದ್ದಳು. ಈಗ ಅಲ್ಲಿ ಮೊಬೈಲ್ ಕವರುಗಳ ಗೋದಾಮು. ಆದರೂ ಮೆಟ್ಟಿಲ ಸಂದಿಯಲ್ಲಿ ಟೈಪ್‌ರೈಟರಿಗೆ ಹಾಕುವ ತೆಳು ಎಣ್ಣೆಯ ವಾಸನೆ, ರಿಬ್ಬನ್ನಿನ ಶಾಯಿಯ ವಾಸನೆ ಬಂದಂತಾಯಿತು. ನಿಜವಾಗಿ ಬಂತೋ, ನನ್ನ ಭ್ರಮೆಯೋ ತಿಳಿಯದು. ಮಳೆ ನಿಂತು ಜನ ರಸ್ತೆಗೆ ಇಳಿದರೂ ನಾನು ಅಲ್ಲೇ ನಿಂತಿದ್ದೆ.

ಮನೆಗೆ ಬಂದ ಮೇಲೆ ಹೋದ ವರ್ಷದ ಮಳೆಗಾಲವನ್ನು ಬರೆದಿಡಬೇಕು ಅನ್ನಿಸಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಯಲಹಂಕದ ಬಸ್ ಡಿಪೋದಲ್ಲಿ ಮೂವತ್ನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವನು. ಬರೆದು ಅಭ್ಯಾಸವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ವತ್ಸಲಾಗೆ ಮೊದಲು ಹೋದದ್ದು ಮಾತು. ಅದಕ್ಕೆ ಹಿಂದಿನ ಚಳಿಗಾಲದಲ್ಲಿ ಅವಳ ಮಾತು ಎಳೆಯತೊಡಗಿತು. ಫೋನ್ ಮಾಡಿದವರು, "ಏನ್ ಮೇಡಂ, ಮಲಗಿದ್ರಾ?" ಎಂದು ಕೇಳುತ್ತಿದ್ದರು. ಅವಳಿಗೆ ಸಿಟ್ಟು ಬರುತ್ತಿತ್ತು. ನೀರು ಕುಡಿದರೆ ಕೆಮ್ಮು. ಆಮೇಲೆ ಬಲಗೈ ಹೆಬ್ಬೆರಳು ಸೋತಿತು. ಚಪಾತಿ ಹಿಟ್ಟು ಕಲಸುವಾಗ, "ಈ ಹಿಟ್ಟು ಯಾಕೋ ನನ್ನ ಮಾತು ಕೇಳ್ತಿಲ್ಲ ಕಣ್ರೀ" ಅಂದಿದ್ದಳು. ಹೆಬ್ಬಾಳದ ಆಚೆಗಿನ ದೊಡ್ಡ ಆಸ್ಪತ್ರೆಯಲ್ಲಿ ಒಂದು ತಿಂಗಳು ಪರೀಕ್ಷೆಗಳು ನಡೆದವು. ಮೈಯ ಸ್ನಾಯುಗಳಿಗೆ ಆಜ್ಞೆ ಕೊಡುವ ನರಗಳು ಒಂದೊಂದಾಗಿ ಸೊರಗುವ ಕಾಯಿಲೆ ಎಂದರು. ಔಷಧಿಯಿಂದ ನಿಲ್ಲುವುದಿಲ್ಲ. ಸಮಾಧಾನ ಹೇಳುವಂತೆ ಡಾಕ್ಟರು, "ಬುದ್ಧಿಗೆ ಮಾತ್ರ ಏನೂ ಆಗಲ್ಲಮ್ಮ, ಕೊನೇವರೆಗೂ ಚೆನ್ನಾಗೇ ಇರುತ್ತೆ" ಎಂದರು. ವತ್ಸಲಾ ನನ್ನ ಜೇಬಿನ ಪೆನ್ನು ತೆಗೆದುಕೊಂಡು ಚೀಟಿಯ ಹಿಂದೆ ಕಷ್ಟಪಟ್ಟು ಬರೆದಳು: ಅದೇ ಕಷ್ಟ.

ನಾನು ಮೇ ಕೊನೆಯಲ್ಲಿ ನಿವೃತ್ತನಾದೆ. ಡಿಪೋದವರು ಹೊದಿಸಿದ ಶಾಲು ಹೊದ್ದುಕೊಂಡೇ ವಿದ್ಯಾರಣ್ಯಪುರದ ಮನೆಗೆ ಬಂದೆ. ಅವಳು ಬಾಗಿಲಲ್ಲಿ ನಿಂತು ಏನೋ ಹೇಳಿದಳು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಮತ್ತೆ ಹೇಳಿದಳು. ಮೂರನೆಯ ಸಲ ಕೇಳಲು ನನಗೆ ಧೈರ್ಯವಾಗದೆ, "ಹೂಂ, ಹೂಂ" ಅಂದೆ. ನಾನು ಸುಳ್ಳು ಹೂಂಗುಟ್ಟಿದ್ದು ಅವಳಿಗೆ ಗೊತ್ತಾಯಿತು. ಅಂದಿನಿಂದ ಅವಳು ಬಾಯಿಂದ ಮಾತಾಡುವುದನ್ನು ನಿಲ್ಲಿಸಿದಳು.

ನಮಗೆ ಮಕ್ಕಳಿಲ್ಲ. ನನ್ನದು ಮೊದಲಿನಿಂದಲೂ ಮಾತು ಕಡಿಮೆ. ಮನೆಯಲ್ಲಿ ಮಾತೆಂದರೆ ಅವಳದೇ. ಅದು ನಿಂತ ಮೇಲೆ ಪಕ್ಕದ ಬೀದಿಯಲ್ಲಿ ತಿರುಗುವ ಬಸ್ಸಿನ ಸದ್ದು ಕೂಡ ಅಡುಗೆಮನೆಗೆ ಕೇಳಿಸತೊಡಗಿತು.

ಮುನೀರನಿಗೆ ಫೋನ್ ಮಾಡಿದ್ದು ಆಗಲೇ. ಮುನೀರ್ ಅವಳ ಹಳೆಯ ಶಿಷ್ಯ. ಹತ್ತನೆಯ ತರಗತಿ ಫೇಲಾಗಿ ಟೈಪಿಂಗಿಗೆ ಬಂದು ಸೇರಿ, ಕನ್ನಡ ಜೂನಿಯರ್, ಸೀನಿಯರ್ ಪರೀಕ್ಷೆ ಎರಡೂ ಪಾಸು ಮಾಡಿದ್ದ. ಈಗ ಅವನಿಗೆ ನಲವತ್ತು ದಾಟಿದೆ, ಆರ್.ಟಿ. ನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಂದವನೇ ಅವಳ ಮುಂದೆ ಕೈಕಟ್ಟಿ ನಿಂತ.

"ಕೂತ್ಕೋಪ್ಪ" ಅಂದೆ.

"ಮೇಡಂ ಹೇಳ್ಲಿ ಸಾರ್. ಅವರು ಹೇಳ್ದೆ ನಾನು ಯಾವತ್ತು ಕೂತಿದೀನಿ?"

ವತ್ಸಲಾ ನಕ್ಕಳು. ಕೈ ತೋರಿಸಿದಳು. ಅವನು ಕೂತ. ಚೀಲದಿಂದ ಒಂದು ಟ್ಯಾಬ್ ತೆಗೆದ. ಯಾರೋ ಮಾರಿದ್ದ ಹಳೆಯದು, ಅಂಚಿನಲ್ಲಿ ಸಣ್ಣ ಬಿರುಕಿತ್ತು. ಅದರಲ್ಲಿ ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಆಪ್ ಹಾಕಿದ್ದ. ಚೌಕದೊಳಗೆ ಬರೆಯಬೇಕು, ಪಕ್ಕದ ಸ್ಪೀಕರ್ ಚಿತ್ರ ಒತ್ತಬೇಕು, ಅದು ಮಾತಾಡುತ್ತದೆ.

ಅವಳಿಂದ ಆಗಲಿಲ್ಲ. ಗಾಜಿನ ಮೇಲೆ ಬರೆಯಬೇಕೆಂದರೆ ತೋಳನ್ನು ಗಾಳಿಯಲ್ಲಿ ಎತ್ತಿ ಹಿಡಿಯಬೇಕು. ಭುಜದಲ್ಲಿ ಶಕ್ತಿ ಇರಲಿಲ್ಲ. ಕೈ ಇಳಿಯುತ್ತಿತ್ತು, ಬೆರಳು ಎಳೆದುಕೊಂಡು ಹೋಗುತ್ತಿತ್ತು. ಒಂದು ಅಕ್ಷರ ಒತ್ತಿದರೆ ಪಕ್ಕದ ಮೂರು ಬರುತ್ತಿದ್ದವು. ಇನ್ನೊಂದು ಬೆರಳು ತಗುಲಿದರೆ ಪರದೆಯೇ ಬೇರೆ ಕಡೆ ಹಾರುತ್ತಿತ್ತು. ಮಿನಿಟಿಗೆ ನಲವತ್ತೈದು ಪದ ಹೊಡೆಯುತ್ತಿದ್ದವಳು ಕಾಲು ಗಂಟೆಯಲ್ಲಿ 'ನೀರು' ಎಂದು ಬರೆಯಲಾಗದೆ ಟ್ಯಾಬನ್ನು ಮೊಣಕೈಯಿಂದ ದೂರ ನೂಕಿದಳು.

ಮುನೀರ್ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡುತ್ತಿದ್ದ. ಮಣಿಕಟ್ಟನ್ನು ಮೇಜಿನ ಮೇಲೆ ಊರಿದಾಗ ಅವಳ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಅವು ಮೇಜಿನ ಮೇಲೆ ಮೆಲ್ಲಗೆ ಟೈಪ್ ಮಾಡುತ್ತಿದ್ದವು.

"ಸಾರ್, ಇದು ಮುಟ್ಟಿ ಓಡ್ಸೋಕೆ ಅಂತ ಮಾಡಿರೋದು. ನಾವು ಮುಟ್ದೇ ಓಡ್ಸೋಣ" ಅಂದ. "ನಾಳೆ ಬರ್ತೀನಿ."

ಮರುದಿನ ಸಣ್ಣ ಮಳೆಯಲ್ಲಿ ಒಂದು ಕೀಬೋರ್ಡು, ಒಂದು ಮೌಸು ತಂದ. ಕೀಬೋರ್ಡಿನ ಅಂಚಿನಲ್ಲಿ ಬಿಳಿ ಬಣ್ಣದಿಂದ ನಾಲ್ಕು ಎಂದು ಬರೆದಿತ್ತು. ಇನ್‌ಸ್ಟಿಟ್ಯೂಟ್ ಮುಚ್ಚಿದಾಗ ಅವಳಿಂದಲೇ ಅವನು ಕೊಂಡಿದ್ದ, ಟೈಪ್‌ರೈಟರ್ ಜಾಗಕ್ಕೆ ಆಮೇಲೆ ಬಂದ ನಾಲ್ಕನೆಯ ನಂಬರಿನ ಕಂಪ್ಯೂಟರಿನದು. ಅವಳು ಆ ಅಂಕಿಯ ಮೇಲೆ ಬೆರಳಿಟ್ಟು ಅವನನ್ನು ನೋಡಿದಳು. "ಹೂಂ ಮೇಡಂ, ನಿಮ್ದೇ. ನಾನು ಕೂರ್ತಿದ್ದ ಜಾಗ" ಅಂದ.

ಸಣ್ಣ ಕನೆಕ್ಟರಿನಿಂದ ಎರಡನ್ನೂ ಟ್ಯಾಬಿಗೆ ಜೋಡಿಸಿದ. ಗಾಜಿನ ಮೇಲೆ ಪುಟ್ಟ ಬಾಣ ಮೂಡಿತು. ಮೌಸು ಅಲುಗಿದಂತೆ ಅದೂ ಅಲುಗಿತು. ಆದರೆ ಕೀಬೋರ್ಡು ಇಂಗ್ಲಿಷನ್ನು ಬಿಟ್ಟು ಬೇರೇನೂ ಬರೆಯಲೊಲ್ಲದು. ವತ್ಸಲಾ ಇಂಗ್ಲಿಷ್ ಅಕ್ಷರದಲ್ಲೇ 'ಊಟ ಆಯ್ತಾ' ಎಂದು ಹೊಡೆದಳು. ಟ್ಯಾಬು ಅದನ್ನು ಯಾವುದೋ ವಿದೇಶದ ಊರಿನ ಹೆಸರಿನಂತೆ ಓದಿತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹುಡುಗರಿಗೆ ಜೀವಮಾನವಿಡೀ ಬೈದವಳು ಅವಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮುನೀರ್ ಎರಡು ದಿನ ಹುಡುಕಿ, ಹೊರಗಿನ ಕೀಬೋರ್ಡಿನಿಂದ ಕನ್ನಡ ಮೂಡಿಸುವ ಇನ್ನೊಂದು ಆಪ್ ಹಾಕಿಕೊಟ್ಟ. ಬಹುಪಾಲು ಅಕ್ಷರಗಳು ಅವಳು ಕಲಿಸಿದ ಜಾಗದಲ್ಲೇ ಇದ್ದವು.

ಅವಳು ಕಣ್ಣು ಮುಚ್ಚಿಕೊಂಡು ಮೊದಲು ಬರೆದದ್ದು ಟ್ಯಾಬಿನಿಂದ ಸ್ಪಷ್ಟವಾದ ಹೆಣ್ಣು ದನಿಯಲ್ಲಿ ಬಂತು: "ಮುನೀರ್, ಬೆನ್ನು ನೆಟ್ಟಗೆ ಮಾಡಿ ಕೂತ್ಕೋ."

ಅವನು ನೆಟ್ಟಗೆ ಕೂತ. ಕೂತು ಅತ್ತುಬಿಟ್ಟ.

ಆ ದನಿಗೆ ಏರಿಳಿತ ಇರಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಕೂಗಿ ಹೇಳುತ್ತಾರಲ್ಲ, ಹಾಗಿತ್ತು. ವತ್ಸಲಾ ಅದನ್ನೇ ಹಿಡಿದುಕೊಂಡಳು. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದರೆ ನಡುಮನೆಯಿಂದ, "ಪ್ರಯಾಣಿಕರ ಗಮನಕ್ಕೆ. ಇವತ್ತಿನ ಗಂಜಿಗೆ ಉಪ್ಪು ಬಿದ್ದಿರುವುದಿಲ್ಲ" ಎಂದು ಕೇಳಿಸುತ್ತಿತ್ತು. ನಾನು ಉಪ್ಪು ತಂದು ಹಾಕಿದರೆ, "ಅಡಚಣೆಗಾಗಿ ವಿಷಾದಿಸುತ್ತೇವೆ." ಮದುವೆಯಾಗಿ ಮೂವತ್ತು ವರ್ಷದಲ್ಲಿ ನಾನು ಅಷ್ಟು ನಕ್ಕಿರಲಿಲ್ಲ. ಜೂನ್ ಹಾಗೇ ಕಳೆಯಿತು.

ಒಂದೇ ಒಂದು ತೊಂದರೆ ಇತ್ತು. ಕಂಪ್ಯೂಟರಿನಲ್ಲಿ ಮೌಸಿನ ಬಲಗಡೆಯ ಬಟನ್ ಒತ್ತಿದರೆ ಕಾಪಿ, ಕಟ್ ಎಂದೆಲ್ಲ ಪಟ್ಟಿ ಬರುತ್ತದೆ. ಬೇರೆಯವರ ಅರ್ಜಿ, ಅಫಿಡವಿಟ್ಟುಗಳನ್ನು ಟೈಪ್ ಮಾಡಿಕೊಡುತ್ತಾ ಅವಳ ಬೆರಳಿಗೆ ಅದು ಉಸಿರಾಟದಷ್ಟು ರೂಢಿ. ಆ ಟ್ಯಾಬಿನಲ್ಲಿ ಅದೇ ಬಟನ್ ಒತ್ತಿದರೆ ತೆರೆದ ಪುಟ ಬಿಟ್ಟು ಹಿಂದಕ್ಕೆ ಹೋಗುತ್ತಿತ್ತು. ಮಾತಾಡುವ ಆಪ್ ಯಾವುದನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಬರೆದದ್ದು ಹೋದರೆ ಹೋಯಿತು.

"ಮೇಡಂ, ಬಲಗಡೇದು ಮಾತ್ರ ಮುಟ್ಬೇಡಿ. ಬೇಕಿದ್ರೆ ಒಳಗಿನ ಸ್ವಿಚ್ಚೇ ಕಿತ್ತಾಕ್ತೀನಿ" ಅಂದ ಮುನೀರ್.

"ಒಂದು ಕಿವಿ ಇಲ್ಲದ ಇಲಿ ನನಗೆ ಬೇಡ" ಎಂದು ಟ್ಯಾಬು ಹೇಳಿತು. ಆ ಮಾತು ಅಲ್ಲಿಗೇ ನಿಂತಿತು. ದಿನಕ್ಕೆ ಒಂದೆರಡು ಸಲ ಅವಳು ಮರೆತು ಒತ್ತುತ್ತಿದ್ದಳು, ವಾಕ್ಯ ಮಾಯವಾಗುತ್ತಿತ್ತು. ಅವಳು ಹಣೆ ಚಚ್ಚಿಕೊಳ್ಳುವಂತೆ ಮುಖ ಮಾಡುತ್ತಿದ್ದಳು. ಹೋದದ್ದು ಸಣ್ಣ ಮಾತುಗಳು. ಮತ್ತೆ ಬರೆಯುತ್ತಿದ್ದಳು.

ಜುಲೈಯಲ್ಲಿ ಒಂದು ಭಾನುವಾರ ಮುನೀರ್ ತನ್ನ ವ್ಯಾನಿನಲ್ಲಿ ನಮ್ಮನ್ನು ಹೆಸರಘಟ್ಟಕ್ಕೆ ಕರೆದುಕೊಂಡು ಹೋದ. ಕೆರೆಗೆ ನೀರು ಬಂದಿದೆಯಂತೆ, ನೋಡಬೇಕು ಎಂದು ಅವಳು ಬರೆದಿದ್ದಳು. ನಾನು ಹಲಗೆಯೊಂದಕ್ಕೆ ಕ್ಲಿಪ್ಪು ಹಾಕಿ ಟ್ಯಾಬು, ಕೀಬೋರ್ಡು ಎರಡನ್ನೂ ಅವಳ ತೊಡೆಯ ಮೇಲೆ ಕೂರುವ ಹಾಗೆ ಮಾಡಿದ್ದೆ. ರಸ್ತೆ ಗುಂಡಿ ಬಿದ್ದಿತ್ತು. "ಮುನೀರ್, ನಿಧಾನ ಓಡಿಸು" ಎಂದು ಅವಳು ಒಂದು ಸಲ ಹೇಳಿಸಿದಳು. ಹುಲ್ಲುಗಾವಲಿನ ಹತ್ತಿರ ನಿಲ್ಲಿಸಿ ಬಾಗಿಲು ಸರಿಸಿದ್ದೇ ತಡ, ಎರಚಲು ಮಳೆ ಬಂತು. ಹನಿಗಳು ಗಾಜಿನ ಮೇಲೆ ಬಿದ್ದವು. ಗಾಜಿಗೆ ಹನಿಯೂ ಒಂದೇ, ಬೆರಳೂ ಒಂದೇ. ಟ್ಯಾಬು ತಾನಾಗಿಯೇ, "ಮುನೀರ್, ನಿಧಾನ ಓಡಿಸು. ಮುನೀರ್, ನಿಧಾನ ಓಡಿಸು" ಎಂದು ಶುರು ಮಾಡಿತು.

"ಅಯ್ಯೋ ಮೇಡಂ, ನಿಂತಿದೀನಿ! ಗಾಡಿ ಆಫ್ ಮಾಡಿದೀನಿ!" ಎಂದು ಅವನು ಹೊರಗೆ ಮಳೆಯಲ್ಲಿ ಎರಡೂ ಕೈ ಎತ್ತಿ ನಿಂತ. ನಾನು ಟವೆಲ್ಲು ಹುಡುಕುತ್ತಿದ್ದೆ. ವತ್ಸಲಾ ನನ್ನ ಕೈ ತಡೆದಳು. ಒರೆಸಬೇಡಿ ಎಂಬಂತೆ. ಹಲಗೆಯ ಮೇಲೆ ಮಳೆ ಬೀಳುತ್ತಲೇ ಇತ್ತು, ಅವಳು ನೋಡುತ್ತಲೇ ಇದ್ದಳು. ಅವಳ ಜೊತೆ ನಾನು ಹೊರಗೆ ಹೋದದ್ದರಲ್ಲಿ, ಆಸ್ಪತ್ರೆ ಬಿಟ್ಟರೆ, ಅದೇ ಕೊನೆ.

ಆಗಸ್ಟಿನ ಹೊತ್ತಿಗೆ ಅವಳು ತೆಳ್ಳಗಾದಳು. ಗಂಜಿಯೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದು ಲೋಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಇಟ್ಟರೆ ಆಹಾರ ನೇರವಾಗಿ ಹಾಕಬಹುದು, ಯೋಚನೆ ಮಾಡಿ ಬನ್ನಿ ಎಂದು ಡಾಕ್ಟರು ಹಿಂದಿನ ಸಲ ಹೇಳಿದ್ದರು. ನಾನು ಮನೆಯಲ್ಲಿ ಆ ಮಾತು ಎತ್ತಿದಾಗಲೆಲ್ಲ ಅವಳು, "ಡಾಕ್ಟರ ಹತ್ತಿರವೇ ಹೇಳುತ್ತೇನೆ" ಎಂದಷ್ಟೇ ಬರೆಯುತ್ತಿದ್ದಳು.

ಆ ದಿನ ಆಸ್ಪತ್ರೆಯಲ್ಲಿ ನಮ್ಮ ಸರದಿ ಬರಲು ಎರಡು ಗಂಟೆಯ ಮೇಲಾಯಿತು. ಆ ಎರಡು ಗಂಟೆಯೂ ಅವಳು ಕಾಯುವ ಜಾಗದಲ್ಲಿ ಕೂತು ಬರೆದಳು. ಹೆಬ್ಬೆರಳು ಪೂರ್ತಿ ಬಿದ್ದುಹೋಗಿತ್ತು, ನಾಲ್ಕು ಬೆರಳಲ್ಲಿ ಬರೆಯುತ್ತಿದ್ದಳು. ನಾನು ಬಗ್ಗಿ ನೋಡಿದರೆ, ಪರೀಕ್ಷೆಯಲ್ಲಿ ಮಕ್ಕಳು ಹಾಳೆ ಮುಚ್ಚಿಕೊಳ್ಳುವ ಹಾಗೆ ಹಲಗೆಯನ್ನು ಆ ಕಡೆ ತಿರುಗಿಸಿಕೊಂಡಳು.

ಒಳಗೆ ಡಾಕ್ಟರು, "ಏನ್ ತೀರ್ಮಾನ ಮಾಡಿದ್ರಿ? ಈಗ ಹಾಕಿದ್ರೆ ಸುಲಭ. ಉಸಿರು ಕಮ್ಮಿ ಆದ್ಮೇಲೆ ಕಷ್ಟ ಆಗುತ್ತೆ" ಎಂದರು. ಅವಳು ಸ್ವಲ್ಪ ಇರಿ ಎಂಬಂತೆ ಕೈ ತೋರಿಸಿದಳು. ಬರೆದದ್ದು ಉದ್ದವಾಗಿತ್ತು. ಹೊರಗೆ ಜನ ತುಂಬಿದ್ದನ್ನು ಅವಳೂ ನೋಡಿದ್ದಳು. ಎಲ್ಲವನ್ನೂ ಓದಿಸುವುದು ಬೇಡ, ಮುಖ್ಯವಾದ ಸಾಲನ್ನು ಮೇಲಕ್ಕೆ ತರೋಣ ಅನ್ನಿಸಿರಬೇಕು. ಮೌಸಿನಿಂದ ಆ ಸಾಲನ್ನು ಗುರುತು ಮಾಡಿದಳು. ಬೆರಳು ತನ್ನಷ್ಟಕ್ಕೆ ಬಲಗಡೆ ಒತ್ತಿತು.

ಪುಟ ಹೋಯಿತು. ಪರದೆಯ ಮೇಲೆ ಮುನೀರ್ ಹಾಕಿದ್ದ ಹೂವಿನ ಚಿತ್ರ ಉಳಿಯಿತು. ಅವಳು ಆಪನ್ನು ಮತ್ತೆ ತೆರೆದಳು. ಚೌಕ ಖಾಲಿ.

ಅವಳು ಮೊದಲಿನಿಂದ ಶುರು ಮಾಡಿದಳು. ಒಂದಕ್ಷರ. ಇನ್ನೊಂದು. ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ನರ್ಸು ಮುಂದಿನವರ ಫೈಲು ತಂದು ಮೇಜಿನ ಮೇಲಿಟ್ಟಳು. ಬಾಗಿಲು ಅರ್ಧ ತೆರೆದು ಯಾರೋ ಇಣುಕಿದರು. ನನ್ನ ಬಾಯಿಂದ ಮಾತು ಬಂದೇಬಿಟ್ಟಿತು.

"ಹಾಕ್ಬಿಡಿ ಡಾಕ್ಟ್ರೇ. ಅವಳೂ ಅದನ್ನೇ ಬರೀತಿದಾಳೆ."

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಅಳು ಬಂತು. ಆ ಕಾಯಿಲೆಯಲ್ಲಿ ಅಳು ಬಂದರೆ ತಡೆಯಲು ಆಗುವುದಿಲ್ಲ, ಮೈಯೆಲ್ಲ ನಡುಗುತ್ತದೆ. ಡಾಕ್ಟರು, "ಹೆದರ್ಕೋಬೇಡಿ ಅಮ್ಮ, ಸಣ್ಣದು, ಅರ್ಧ ಗಂಟೆ ಕೆಲಸ" ಎಂದರು. ಕಾಗದಕ್ಕೆ ನಾನು ಸಹಿ ಹಾಕಿದೆ. ಅಂದೇ ಸೇರಿಸಿಕೊಂಡು ಮರುದಿನ ಬೆಳಿಗ್ಗೆ ಟ್ಯೂಬ್ ಇಟ್ಟರು. ಅವಳು ತಡೆಯಲಿಲ್ಲ. ನಾನು ಹಲಗೆ ಮುಂದಿಟ್ಟಾಗ ಮುಖ ಗೋಡೆಗೆ ತಿರುಗಿಸಿದಳು.

ಅವಳು ಏನು ಬರೆದಿದ್ದಳೋ ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಅಕ್ಷರ ನೋಡಿರಲಿಲ್ಲ, ನಿಜ. ಆದರೆ ಗೊತ್ತಿತ್ತು.

ಮನೆಗೆ ಬಂದ ಮೇಲೂ ಮೂರು ದಿನ ಅವಳು ಟೈಪ್ ಮಾಡಲಿಲ್ಲ. ನಾನು ಟ್ಯೂಬಿನಲ್ಲಿ ರಾಗಿ ಅಂಬಲಿ ಸೋಸಿ ಹಾಕುತ್ತಿದ್ದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ನಾನು ಡಿಪೋದಿಂದ ತಂದಿದ್ದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಅವಳೆದುರೇ ನೆಲದ ಮೇಲೆ ಕೂತೆ. ಮೌಸು ಬಿಚ್ಚಿದೆ. ಬಲಗಡೆಯ ಬಟನ್ನಿನ ಕೆಳಗಿದ್ದ ಪುಟ್ಟ ಸ್ವಿಚ್ಚನ್ನು ಕಿತ್ತು ಅಂಗೈಯಲ್ಲಿಟ್ಟು ಅವಳಿಗೆ ತೋರಿಸಿದೆ.

"ನೋಡು, ಇದೇ ಎಲ್ಲಾ ಮಾಡಿದ್ದು. ಇನ್ನೊಂದ್ಸಲ ಹಂಗಾಗಲ್ಲ" ಅಂದೆ.

ಅವಳು ಹಲಗೆಯ ಕಡೆ ಕಣ್ಣು ಮಾಡಿದಳು. ನಾನು ತಂದಿಟ್ಟೆ. ಬಹಳ ಹೊತ್ತು ಹಿಡಿಯಿತು. ಆ ಏರಿಳಿತವಿಲ್ಲದ ದನಿ ಹೇಳಿತು:

"ಬಟನ್ ಅಲ್ಲ. ನೀವು."

ನಾನು ಸ್ವಿಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಅವಳ ಬಾಯಿಂದ ಬಂದಿದ್ದರೆ ಅದರಲ್ಲಿ ಸಿಟ್ಟೋ ದುಃಖವೋ ಇರುತ್ತಿತ್ತು, ನಾನು ಅದಕ್ಕೆ ಏನಾದರೂ ಉತ್ತರ ಕೊಡುತ್ತಿದ್ದೆ. ಈ ದನಿಯಲ್ಲಿ ಎರಡೂ ಇರಲಿಲ್ಲ. ಅವಳು ಮತ್ತೆ ಟೈಪ್ ಮಾಡುತ್ತಿದ್ದಳು. ನಾನು ಎದ್ದು ಹೋಗಲಿಲ್ಲ.

"ಬೇಡ ಅಂತ ಬರೆದಿದ್ದೆ. ನುಂಗಲು ಆಗುವವರೆಗೂ ನುಂಗುತ್ತೇನೆ, ಆಮೇಲೆ ಸಾಕು ಅಂತ. ಯಾಕೆ ಅಂತಲೂ ಬರೆದಿದ್ದೆ."

"ಮತ್ತೆ ಅವತ್ತೇ ತಲೆ ಅಲ್ಲಾಡಿಸಿ ಬೇಡ ಅನ್ನಬಹುದಿತ್ತಲ್ಲ, ವತ್ಸಲಾ."

"ನಿಮ್ಮ ಮುಖ ನೋಡಿದೆ. ತುಂಬಾ ಹೆದರಿದ್ದಿರಿ. ಪಾಪ ಅನ್ನಿಸಿತು."

ಆ ಮಧ್ಯಾಹ್ನವೇ ಅವಳು ನನಗೆ ನಿಯಮ ಹಾಕಿದಳು. ಅವಳ ಇನ್‌ಸ್ಟಿಟ್ಯೂಟಿನಲ್ಲಿ ಒಬ್ಬರ ಮಷೀನನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಪಕ್ಕದವನು ಎಷ್ಟೇ ನಿಧಾನವಾಗಲಿ, ತಪ್ಪಾಗಲಿ, ಅವನ ಹಾಳೆಗೆ ಕೈ ಹಾಕಬಾರದು, ಮುಂದಿನ ಪದ ಹೇಳಿಕೊಡಬಾರದು. ಈಗ ಅದೇ ನನಗೆ. ಅವಳು ಬರೆಯುವಾಗ ನಾನು ಕೈ ಬೆನ್ನ ಹಿಂದೆ ಇಟ್ಟುಕೊಳ್ಳಬೇಕು. ವಾಕ್ಯ ಮುಗಿಯುವ ಮೊದಲು ಬಾಯಿ ಬಿಡಬಾರದು.

ಸೆಪ್ಟೆಂಬರಿನಲ್ಲಿ ಸಂಜೆಯಾದರೆ ಗುಡುಗು, ಮಳೆ. ಕೀಬೋರ್ಡು ಒತ್ತುವ ಶಕ್ತಿಯೂ ಹೋಯಿತು. ಮುನೀರ್ ಬಂದು ಅದನ್ನು ಬಿಡಿಸಿದ. ಬಿಡಿಸಿದೊಡನೆ ಗಾಜಿನ ಮೇಲೆ ಅಕ್ಷರಗಳ ಸಾಲು ಮೂಡಿತು. ಮೌಸು ಮಾತ್ರ ಉಳಿಯಿತು. ಅಂಗೈ ಅದರ ಮೇಲೆ ಇಟ್ಟರೆ ಸಾಕು, ಬಾಣ ಮೆಲ್ಲಗೆ ಸರಿಯುತ್ತಿತ್ತು. ಒಂದು ಅಕ್ಷರದ ಮೇಲೆ ಬಾಣ ಸ್ವಲ್ಪ ಹೊತ್ತು ನಿಂತರೆ ಅದೇ ಒತ್ತಿಕೊಳ್ಳುವಂತೆ ಮುನೀರ್ ಒಳಗೆ ಏನೋ ಬದಲಾಯಿಸಿದ. ಬಾಣವನ್ನೂ ದೊಡ್ಡದು ಮಾಡಿದ. "ಮೇಡಂ, ಒತ್ತೋದೇ ಬೇಡ. ಅಲ್ಲಿ ನಿಲ್ಲಿ ಸಾಕು" ಅಂದ.

"ಪರೀಕ್ಷೆಯಲ್ಲಿ ಈ ಸ್ಪೀಡಿಗೆ ನಾನು ಫೇಲ್ ಮಾಡುತ್ತಿದ್ದೆ" ಎಂದು ಅವಳು ಬರೆಯಲು ಹತ್ತು ನಿಮಿಷ ಹಿಡಿಯಿತು. ಅವನು ಅಷ್ಟೂ ಹೊತ್ತು ಕೈಕಟ್ಟಿಕೊಂಡು ನಿಂತಿದ್ದ.

ಮೊದಮೊದಲು ನನಗೆ ಆ ಕಾಯುವಿಕೆ ಆಗುತ್ತಿರಲಿಲ್ಲ. ಎರಡು ಅಕ್ಷರ ಬಿದ್ದರೆ ಮೂರನೆಯದು ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ತುಟಿ ಕಚ್ಚಿ ತಡೆಯುತ್ತಿದ್ದೆ. ದಿನ ಕಳೆದಂತೆ ಒಂದು ವಿಷಯ ಗಮನಕ್ಕೆ ಬಂತು. ನಾನು ಊಹಿಸಿದ ಮಾತನ್ನು ಅವಳು ಹೇಳುತ್ತಿದ್ದುದು ಅಪರೂಪ. 'ಕಾ' ಎಂದು ಬಂದರೆ ಕಾಲು ನೋವೇನೋ ಅಂದುಕೊಳ್ಳುತ್ತಿದ್ದೆ. ಅವಳು ಬರೆಯುತ್ತಿದ್ದುದು ಮೂವತ್ತು ವರ್ಷದ ಹಿಂದೆ ನಾನು ಮಾಡಿಕೊಟ್ಟ ಕಾಫಿಯ ಬಗ್ಗೆ. ಅದು ಚೆನ್ನಾಗಿರಲಿಲ್ಲವಂತೆ. ಇವತ್ತಿಗೂ ಇಲ್ಲವಂತೆ. ಇಂಗ್ಲಿಷ್ ಸೀನಿಯರ್ ಪರೀಕ್ಷೆಯಲ್ಲಿ ತಾನು ಎರಡು ಸಲ ಫೇಲಾಗಿದ್ದನ್ನು ಮದುವೆಗೆ ಮೊದಲು ನನ್ನಿಂದ ಮುಚ್ಚಿಟ್ಟಿದ್ದಳಂತೆ. "ಹೇಳಿದ್ದರೆ ಮದುವೆ ಆಗುತ್ತಿದ್ದಿರಾ?" ಎಂದು ಕೇಳಿದಳು. ಆ ಪ್ರಶ್ನೆ ಪೂರ್ತಿಯಾಗುವ ಹೊತ್ತಿಗೆ ಹೊರಗೆ ಒಂದು ಮಳೆ ಬಂದು ಹೋಗಿತ್ತು.

"ನಾನು ಎಸ್ಸೆಸ್ಸೆಲ್ಸೀಲಿ ಗಣಿತ ಮೂರು ಸಲ ಕಟ್ಟಿದೀನಿ ಕಣೇ" ಅಂದೆ.

ಅವಳ ಕಣ್ಣು ಅಗಲವಾಯಿತು. ಅದು ಅವಳಿಗೆ ಗೊತ್ತಿರಲಿಲ್ಲ.

ಆ ಐದಾರು ವಾರಗಳಲ್ಲಿ ನಾವು ಆಡಿದಷ್ಟು ಮಾತನ್ನು ಅದಕ್ಕೆ ಮೊದಲು ಆಡಿರಲಿಲ್ಲ. ಅವಳು ನಿಧಾನವಾಗಿ ಹೇಳುತ್ತಿದ್ದಳು, ನಾನು ಸುಮ್ಮನೆ ಕೇಳುತ್ತಿದ್ದೆ. ಆ ಟ್ಯೂಬ್ ಇಲ್ಲದಿದ್ದರೆ ಅವಳು ಆಗಸ್ಟು ದಾಟುತ್ತಿರಲಿಲ್ಲ ಎಂದು ಮುನೀರ್ ಒಂದು ದಿನ ಹೊರಗೆ ಗೇಟಿನ ಹತ್ತಿರ ನಿಂತು ಹೇಳಿದ. ಅದು ನನ್ನ ತಲೆಯಲ್ಲೂ ಸುತ್ತುತ್ತಿತ್ತು. ಅವಳ ಬಾಯಿಂದ ಕೇಳಬೇಕೆಂಬ ಆಸೆ. ಕೇಳಲು ಹೋಗುತ್ತಿದ್ದೆ, ನಿಲ್ಲಿಸುತ್ತಿದ್ದೆ. ಒಂದು ಸಂಜೆ ಅಂಬಲಿ ಹಾಕುವಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದಿರಬೇಕು. ಅವಳು ಹಲಗೆ ಕೇಳಿದಳು.

"ಟ್ಯೂಬ್ ಹಾಕಿದ್ದು ಒಳ್ಳೆಯದಾಯಿತು ಅಂತ ನನ್ನಿಂದ ಹೇಳಿಸಬೇಡಿ."

"ಇಲ್ಲ" ಅಂದೆ.

"ಕಾಫಿ ಬಗ್ಗೆ ಹೇಳಿದ್ದು ಮಾತ್ರ ಸಂತೋಷ."

ಅಕ್ಟೋಬರಿನ ಎರಡನೆಯ ವಾರ ಮಳೆ ಬಿಡಲೇ ಇಲ್ಲ. ಅವಳಿಗೆ ಎದೆಯಲ್ಲಿ ಕಫ ಕಟ್ಟಿತು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಮ್ಮ ಆಂಬುಲೆನ್ಸು ಮುಕ್ಕಾಲು ಗಂಟೆ ನಿಂತಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಉಸಿರು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಐದನೆಯ ದಿನ ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ ಒಬ್ಬ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆ ವಾರ್ಡಿಗೆ ಹೊಸಬರು. ಗಂಟಲಿಗೆ ತೂತು ಮಾಡಿ ಉಸಿರಿನ ಮಷೀನಿಗೆ ಜೋಡಿಸಬೇಕಾಗುತ್ತದೆ, ಜೋಡಿಸಿದರೆ ತಿಂಗಳುಗಟ್ಟಲೆ ಇರಬಹುದು, ತೆಗೆಯುವುದು ಕಷ್ಟ, ಜೋಡಿಸದಿದ್ದರೆ ಕೆಲವು ದಿನ ಎಂದು ಬಿಡಿಸಿ ಹೇಳಿದರು. ನನ್ನ ಕಡೆ ತಿರುಗಿ, "ನೀವೇನಂತೀರ ಸಾರ್?" ಎಂದು ಕೇಳಿದರು.

"ಅವಳು ಹೇಳ್ತಾಳೆ ಮೇಡಂ. ಸ್ವಲ್ಪ ಹೊತ್ತಾಗುತ್ತೆ" ಅಂದೆ.

ಹಲಗೆಯನ್ನು ಹಾಸಿಗೆಯ ಮೇಲೆ ಇಟ್ಟೆ. ಅವಳ ಅಂಗೈಯನ್ನು ಮೌಸಿನ ಮೇಲೆ ಕೂರಿಸಿದೆ. ಪಕ್ಕದಲ್ಲಿ ನಿಂತೆ. ಡಾಕ್ಟರು ನಿಂತೇ ಇದ್ದವರು ಒಂದು ಸ್ಟೂಲು ಎಳೆದುಕೊಂಡು ಕೂತರು.

ಬಾಣ ಹೊರಟಿತು. ಬಹಳ ನಿಧಾನ. ದಾರಿ ತಪ್ಪಿ ಕೆಳಗಿಳಿಯಿತು, ಮತ್ತೆ ಮೇಲೆ ಬಂತು. ಮೊದಲ ಅಕ್ಷರದ ಮೇಲೆ ನಿಂತಿತು. ಅದು ಮೂಡಿತು. ನನಗೆ ಅಷ್ಟಕ್ಕೇ ತಿಳಿಯಿತು. ಈ ಸಲ ನನ್ನ ಊಹೆ ತಪ್ಪಾಗಿರಲಿ ಎಂದು ಎಷ್ಟು ಬೇಡಿಕೊಂಡೆನೋ. ಬಾಣ ಮುಂದಕ್ಕೆ ಸರಿಯಿತು. ಗಾಜು ನನ್ನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ನಾನೊಂದು ಬೆರಳು ತಾಗಿಸಿದ್ದರೆ ಸಾಕಿತ್ತು, ಎಲ್ಲ ಅಳಿಸಿ ಹೋಗುತ್ತಿತ್ತು. ಮತ್ತೆ ಬರೆಯುವ ಶಕ್ತಿ ಅವಳಿಗೆ ಅಂದು ಇರಲಿಲ್ಲ. ಡಾಕ್ಟರು ನನ್ನನ್ನೇ ಕೇಳಬೇಕಾಗುತ್ತಿತ್ತು. ಅದು ನನ್ನ ತಲೆಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಒಂದು ಸಲ ಅಲ್ಲ, ಪ್ರತಿ ಅಕ್ಷರಕ್ಕೂ ಬಂತು. ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದು ನಿಂತಿದ್ದೆ.

ನರ್ಸು ಬಂದು, "ಮೇಡಂ, ಐದನೇ ಬೆಡ್ಡು" ಅಂದಳು. ಡಾಕ್ಟರು, "ಬರ್ತೀನಿ ಇರಿ, ಇವರು ಮಾತಾಡ್ತಿದಾರೆ" ಎಂದರು.

ಬಾಣ ಸ್ಪೀಕರ್ ಚಿತ್ರದ ಮೇಲೆ ಹೋಗಿ ನಿಂತಿತು.

"ಬೇಡ. ಮನೆಗೆ ಹೋಗೋಣ."

ಡಾಕ್ಟರು ಬಗ್ಗಿ ಅವಳ ಕೈ ಮೇಲೆ ಕೈಯಿಟ್ಟು, "ಸರಿ ಅಮ್ಮ" ಎಂದರು. ವತ್ಸಲಾ ನನ್ನನ್ನು ನೋಡಿದಳು. ನಾನು ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದಳೋ, ಹೇಳುವುದಿಲ್ಲವೆಂದು ಖಚಿತ ಮಾಡಿಕೊಳ್ಳುತ್ತಿದ್ದಳೋ. ನಾನು ಹಲಗೆ ಎತ್ತಿಟ್ಟು ಅವಳ ಕೂದಲು ಸರಿಮಾಡಿದೆ. ಕಾಗದಗಳಿಗೆ ಸಹಿ ಹಾಕಿ ಕೆಳಗಿಳಿದೆ.

ಮಳೆ ಸ್ವಲ್ಪ ಬಿಟ್ಟಿತ್ತು. ಗೇಟಿನ ಹತ್ತಿರ ಆಂಬುಲೆನ್ಸಿನವನು ಬಾಗಿಲಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದ.

"ವಿದ್ಯಾರಣ್ಯಪುರಕ್ಕೆ ಬರ್ತೀಯಾಪ್ಪ?"

"ಬರ್ತೀನಿ ಸಾರ್. ಪೇಷಂಟ್ ಡಿಸ್ಚಾರ್ಜಾ? ಒಳ್ಳೇದಾಯ್ತು" ಎಂದು ಅವನು ಕೈ ತೊಳೆದುಕೊಂಡ. "ಡಾಕ್ಟ್ರು ಮನೆಗೆ ಹೋಗಿ ಅಂದ್ರಾ?"

"ಇಲ್ಲಪ್ಪ" ಅಂದೆ. "ನಮ್ಮನೆಯವರು ಅಂದ್ರು."